ರೈಲುಚಕ್ರದ ಉಕ್ಕು

ಕಾರಿನೊಳಗೆ ಮತ್ತೆ ಅದೇ ನಿಂಬೆಹಣ್ಣಿನ ಸೋಪಿನ ವಾಸನೆ, ನಮ್ಮ ಮನೆಯದಲ್ಲ, ಫ್ಯಾಕ್ಟರಿಯಲ್ಲೇ ಸ್ನಾನ ಮಾಡಿ ಬರುತ್ತಾರಂತೆ ನನ್ನ ಗಂಡ ಶಾಂತಾರಾಮ, ಮೊದಲೆಲ್ಲ ಮೈತುಂಬ ಎಣ್ಣೆ ವಾಸನೆ ಹೊತ್ತೇ ಬರುತ್ತಿದ್ದವರು — ಅಟ್ಲಾಂಟಾದ ಒಲಿಂಪಿಕ್ಸ್ ಮುಗಿದ ಮೇಲೆ ಅಮೆರಿಕದ ಸಿಟಿಜನ್ ಆದರು, ಅವತ್ತಿನಿಂದಲೇ ಇದು, ಇನ್ನೊಬ್ಬಳಿದ್ದಾಳೇನೋ ಎಂದು ಜೇಬು ಕೂಡ ತಡಕಿದೆ, ಥೂ, ನಾಚಿಕೆಯಾಯಿತು, ಏನೂ ಸಿಗಲಿಲ್ಲ, ಅನುಮಾನ ಮಾತ್ರ ಹೋಗಲಿಲ್ಲ, ನಾವು ಹೋಗಬೇಕಾದ ನಾರ್‌ಕ್ರಾಸ್ ಊರು ಇನ್ನೂ ದೂರ, ಇವರು ರಸ್ತೆಯಿಂದ ಕಣ್ಣು ಕೀಳುತ್ತಿಲ್ಲ, ಹಿಂದಿನ ಸೀಟಿನಲ್ಲಿ ಮಗಳು ನಿಧಿ, ಅವಳ ಸ್ಕೂಲಿನಲ್ಲಿ ಅಪ್ಪ ಅಮ್ಮಂದಿರು ತಮ್ಮ ಕೆಲಸ ತೋರಿಸುವ ದಿನ ಬಂದಿದೆ, ಹೋದ ವರ್ಷ ರೈಲುಚಕ್ರದ ತುಂಡೊಂದನ್ನು ಹೊತ್ತುಕೊಂಡು ಹೋಗಿ ಮಕ್ಕಳಿಗೆಲ್ಲ ಮುಟ್ಟಿಸಿ ಬಂದವರು ಈ ಸಲ ಆಗಲ್ಲ ಬಿಡು ಅಂದುಬಿಟ್ಟರು, ಯಾಕೆ? ಸೋಮವಾರ ಕಾಲೇಜಿನಲ್ಲಿ ನಾನು ಮಾಡಬೇಕಾದ ಚರಿತ್ರೆಯ ಪಾಠವೂ ಉಕ್ಕಿನದೇ, ಸಾವಿರದ ಎಂಟುನೂರ ಎಪ್ಪತ್ತು, ಜರ್ಮನ್ನರಿಗೂ ಫ್ರೆಂಚರಿಗೂ ಯುದ್ಧ, ರೈಲಿಗೆ ಚಕ್ರ ಮಾಡಿ ಶ್ರೀಮಂತನಾದ ಜರ್ಮನ್ ಕಾರ್ಖಾನೆಯವನು ಅದೇ ಉಕ್ಕಿನಲ್ಲಿ ತೋಪು ಎರೆದ, ಅದೇ ರೈಲು ಸೈನಿಕರನ್ನು ಗಡಿಗೆ ತಂದು ಸುರಿಯಿತು, ಫ್ರೆಂಚರೇನು ಹೇಡಿಗಳಲ್ಲ, ಅವರ ಕಂಚಿನ ತೋಪು ಮುಟ್ಟಲಾರದಷ್ಟು ದೂರದಿಂದ ಉಕ್ಕಿನ ತೋಪು ಅವರನ್ನು ಮುಟ್ಟುತ್ತಿತ್ತು, ಧೈರ್ಯ ಏನು ಮಾಡೀತು, ಕಲ್ಲಿದ್ದಲು ಯಾರ ಹತ್ತಿರ ಹೆಚ್ಚು, ಕುಲುಮೆ ಯಾರದು ದೊಡ್ಡದು — ಕುಲುಮೆ, ಚಕ್ರ, ತೋಪು — ಅಯ್ಯೋ, ಚಕ್ರ, ತೋಪು.

ರೀ, ಈಗ ಏನ್ ಮಾಡ್ತಿದೀರಿ ಫ್ಯಾಕ್ಟರೀಲಿ? ಅದೇ ನೀರಜಾ, ಸ್ಟೀಲು. ಚಕ್ರಾನಾ? ರೇಡಿಯೋ ಜೋರು ಮಾಡಿದರು, ನಾನು ಆಫ್ ಮಾಡಿದೆ. ಚಕ್ರದ ಲೈನ್ ಕ್ಲೋಸ್ ಮಾಡಿದ್ರು, ಈಗ ಟ್ಯೂಬು, ಸಿಟಿಜನ್ ಆದೋರಿಗೆ ಮಾತ್ರ ಆ ಕೆಲಸ, ಸ್ನಾನ ಮಾಡ್ದೆ ಹೊರಗೆ ಬಿಡಲ್ಲ. ಎಂಥ ಟ್ಯೂಬು? ಹೇಳಲ್ಲ ಅಂತ ಸೈನ್ ಮಾಡಿದೀನಿ ಕಣೇ, ಕೇಳ್ಬೇಡ, ಬೇಡ ಅಂದೋರನ್ನೆಲ್ಲ ಲೇಆಫ್ ಮಾಡಿದ್ರು. ಇವರ ಕತ್ತಿನ ನರ ಉಬ್ಬಿದೆ, ಸಿಟ್ಟೋ ನಾಚಿಕೆಯೋ, ಇನ್ನೊಬ್ಬಳಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು, ಈ ತೋಪಿನ ನಳಿಗೆಗೆ ಏನೆನ್ನಲಿ, ಸೋಮವಾರ ಆ ಹುಡುಗರ ಮುಂದೆ ಯಾವ ಬಾಯಲ್ಲಿ — ನಿಧಿ ಮುಂದಕ್ಕೆ ಬಾಗಿದಳು, ಹೌ ಬಿಗ್ ಅಪ್ಪ, ಎರಡೂ ಕೈಯ ಬೆರಳು ಸೇರಿಸಿ ದುಂಡಗೆ ಹಿಡಿದಳು, ದಿಸ್ ಬಿಗ್? ಮಗಳಿಗೆ ಎಂದೂ ಸುಳ್ಳು ಹೇಳದವರು ಇವರು, ಕನ್ನಡಿಯಲ್ಲಿ ನೋಡಿ, ಇನ್ನೊಂಚೂರು ಸಣ್ಣದು ಪುಟ್ಟಿ ಅಂದರು, ಬೆರಳು ಬಿಗಿಯಾದವು, ದುಂಡು ಕಿರಿದಾಯಿತು, ಅದನ್ನು ಕಣ್ಣಿಗಿಟ್ಟುಕೊಂಡು ನನ್ನ ಕಡೆ ತಿರುಗಿದಳು, ಅಮ್ಮಾ ಐ ಸೀ ಯೂ, ಆ ದುಂಡು, ಅದರ ಆಚೆ ತುದಿಯಲ್ಲಿ ರೆಪ್ಪೆ ಬಡಿಯದ ಒಂದು ಕಪ್ಪು ಕಣ್ಣು, ಆ ದುಂಡು, ಆ ಕಣ್ಣು, ಆ ದುಂಡು