ಹಸಿರಾದರೆ ಮೇಲ್ ಹೋಗುವುದಿಲ್ಲ

ನನ್ನ ಡಯಲಾಗುಗಳಿಗೆ ಆಫೀಸಿನಲ್ಲಿದ್ದ ಪ್ರೇಕ್ಷಕಿ ಒಬ್ಬಳೇ, ಹರಿಪ್ರಿಯಾ. ಅವಳು ಬೇರೆ ತಂಡ ಸೇರಿ ಅಡ್ಯಾರಿನ ಆಫೀಸಿಗೆ ಹೋದ ಮೇಲೆ, ಚೆನ್ನೈ ಅಂಬತ್ತೂರಿನ ನಮ್ಮ ಮಹಡಿಯಲ್ಲಿ ಉಳಿದದ್ದು ನಾನು, ಗೊರಕೆ ಹೊಡೆಯುವ ಒಂದು ಎಸಿ, ಮತ್ತು ಟೆಸ್ಟ್ ಓಡಿಸುವ ಹಳೇ ಮೆಷಿನ್. ಮಿಕ್ಕವರೆಲ್ಲ ಮನೆಯಿಂದಲೇ ಕೆಲಸ ಮಾಡುತ್ತಾರೆ. ಆ ಮೆಷಿನ್ ಆಗಾಗ ಮುನಿಸಿಕೊಂಡು ನಿಂತುಬಿಡುವುದರಿಂದ ಅದನ್ನು ಎಬ್ಬಿಸಲು ಒಬ್ಬ ಬೇಕು. ಪ್ರೇಕ್ಷಕರೇ ಇಲ್ಲದ ಥಿಯೇಟರಿನಲ್ಲಿ ಟಾರ್ಚ್ ಹಿಡಿದು ನಿಂತ ಹಾಗೆ ಆ ಒಬ್ಬ ನಾನು, ನಿಶಾಂತ್.

ನಮ್ಮ ಕಂಪನಿ ಮಾಡುವುದು ಡೇಟಾಬೇಸ್ ಸರ್ವರ್. ಊರಿನ ಅಂಗಡಿಗಳ ಬಿಲ್ಲು, ಬಸ್ಸುಗಳ ಸೀಟು, ಎಲ್ಲವೂ ಅದರ ಹೊಟ್ಟೆಯಲ್ಲಿರುತ್ತದೆ. ಯಾರಾದರೂ ಅದರ ಕೋಡ್ ಮುಟ್ಟಿದರೆ ಸಾಕು, ನಾವು ಬರೆದಿಟ್ಟ ಟೆಸ್ಟ್‌ಗಳು ತಾವಾಗಿ ಓಡಿ ಸರ್ವರನ್ನು ಪ್ರಶ್ನೆ ಕೇಳುತ್ತವೆ. ಉತ್ತರ ಸರಿಯಿದ್ದರೆ ಬೋರ್ಡಿನಲ್ಲಿ ಹಸಿರು, ತಪ್ಪಿದ್ದರೆ ಕೆಂಪು. ಕೆಂಪಾದರೆ ಆ ಟೆಸ್ಟ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಒಂದು ಮೇಲ್ ಹೋಗುತ್ತದೆ. ಹಸಿರಾದರೆ ಯಾರಿಗೂ ಏನೂ ಹೋಗುವುದಿಲ್ಲ.

ಆ ಮೇಲಿನಲ್ಲಿ ಏನು ತಪ್ಪಾಯಿತೆಂದು ಒಂದು ಸಾಲು ಇರಬೇಕು. ಎಲ್ಲರೂ ಸಪ್ಪೆ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ನಾನು ಕನ್ನಡದಲ್ಲಿ ಗುಡುಗುತ್ತಿದ್ದೆ. "ಲೇ ಸರ್ವರ್, ನಾನು ಕೇಳಿದ್ದು ಮೂರು ಸಾಲು, ನೀನು ಕೊಟ್ಟಿದ್ದು ಎರಡು. ಮೂರನೆಯವನನ್ನ ಎಲ್ಲಿ ಬಚ್ಚಿಟ್ಟಿದೀಯ ಹೇಳು." ನನ್ನ ಟೆಸ್ಟ್‌ಗಳನ್ನು ಓದಿ ಒಪ್ಪಿಗೆ ಕೊಡುತ್ತಿದ್ದವಳು ಹರಿಪ್ರಿಯಾ. ನಗು ಬಂದರೂ ತೋರಿಸದೆ, ವಿಲನ್ ಸತ್ತನೋ ಬದುಕಿದನೋ ಎಂದು ತಮಿಳಿನಲ್ಲಿ ಕೇಳುತ್ತಿದ್ದಳು. ಅವಳ ಮನೆಯವರು ಕನ್ನಡಿಗರೇ, ಮುತ್ತಜ್ಜನ ಕಾಲದಿಂದ ವೆಸ್ಟ್ ಮಾಂಬಲಂನವರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ತಮಿಳು. ಕನ್ನಡವನ್ನು ಅಜ್ಜಿಗೆಂದು ಎತ್ತಿಟ್ಟಿದ್ದಳು.

ನಾವಿಬ್ಬರೂ ಸೇರಿ ಕೊನೆಗೆ ಬರೆದ ಟೆಸ್ಟ್ ಹುಟ್ಟಿದ್ದು ಮಾಂಬಲಂನಲ್ಲಿರುವ ನನ್ನ ಮಾವ ರಘುರಾಮನ ಹೋಟೆಲಿನಲ್ಲಿ. ಮಧ್ಯಾಹ್ನ ಊಟಕ್ಕೆ ಅಲ್ಲಿ ಜಾಗ ಸಿಗುವುದಿಲ್ಲ. ಊಟ ಮಾಡುತ್ತಿರುವವರ ಕುರ್ಚಿಯ ಹಿಂದೆ ಹೋಗಿ ನಿಲ್ಲಬೇಕು. ಅವರು ಎದ್ದರೆ ಆ ಕುರ್ಚಿ ನಿಮ್ಮದು. ಅವತ್ತು ಹರಿಪ್ರಿಯಾಳ ಬೆನ್ನ ಹಿಂದೆ ಒಬ್ಬರು ನಿಂತು ಅವಳ ಮೊಸರನ್ನವನ್ನೇ ನೋಡುತ್ತಿದ್ದರು. ನಮ್ಮ ಡೇಟಾಬೇಸ್ ಸರ್ವರ್ ಕೂಡ ಹೀಗೇ ಅಲ್ಲವಾ ಎಂದಳು. ಒಂದೇ ಸಾಲನ್ನು ಇಬ್ಬರು ತಿದ್ದಲು ಬಂದರೆ, ಮೊದಲನೆಯವನು ಏಳುವವರೆಗೆ ಎರಡನೆಯವನು ಹಿಂದೆ ನಿಲ್ಲಬೇಕು. ಅದನ್ನೇ ಟೆಸ್ಟ್ ಮಾಡಿದೆವು. ಮೊದಲನೆಯವನನ್ನು ಕೂರಿಸು, ಎರಡನೆಯವನನ್ನು ಕಳಿಸು, ಎರಡು ಸೆಕೆಂಡ್ ಕಾಯಿ, ಮೊದಲನೆಯವನನ್ನು ಎಬ್ಬಿಸು. ಟೆಸ್ಟ್ ಅವಳ ಹೆಸರಿನಲ್ಲೇ ದಾಖಲಾಯಿತು.

ಅವಳು ಹೋದ ಮೇಲೆ ಅದು ಕೆಂಪಾಗತೊಡಗಿತು. ದಿನವೂ ಅಲ್ಲ, ಮನಸ್ಸು ಬಂದಾಗ. ಕಾರಣ ನನಗೆ ಕೂಡಲೇ ಹೊಳೆಯಿತು. ಸರ್ವರ್ ಸರಿಯಾಗಿಯೇ ಇತ್ತು, ನಮ್ಮ ಮೆಷಿನ್ ಸೋಮಾರಿ. ಎರಡು ಸೆಕೆಂಡಿನಲ್ಲಿ ಎರಡನೆಯವನು ಕೆಲವೊಮ್ಮೆ ಬಾಗಿಲನ್ನೇ ದಾಟಿರುತ್ತಿರಲಿಲ್ಲ, ಹಿಂದೆ ನಿಂತು ಕಾಯುವವನೇ ಇಲ್ಲವೆಂದು ಟೆಸ್ಟ್ ಕೆಂಪಾಗುತ್ತಿತ್ತು. ಸೆಕೆಂಡ್ ಎಣಿಸುವ ಬದಲು, ಕುರ್ಚಿಯ ಹಿಂದೆ ಯಾರಾದರೂ ಬಂದು ನಿಂತಿದ್ದಾರಾ ಎಂದು ನೋಡಬೇಕಿತ್ತು, ಅಷ್ಟೇ. ಚಿಕ್ಕ ಕೆಲಸ.

ಮಾಡಲಿಲ್ಲ. ಏಕೆಂದರೆ ಅದು ಕೆಂಪಾದಾಗಲೆಲ್ಲ ಹರಿಪ್ರಿಯಾಗೆ ಒಂದು ಮೇಲ್ ಹೋಗುತ್ತಿತ್ತು, ಅದರಲ್ಲಿ ನನ್ನ ಒಂದು ಸಾಲು ಇರುತ್ತಿತ್ತು. ಅವಳಿಗೆ ಮೆಸೇಜಿನಲ್ಲಿ ಹೇಗಿದ್ದೀ ಎಂದು ಒಮ್ಮೆ ಕೇಳಿದ್ದೆ, ಹೆಬ್ಬೆರಳಿನ ಚಿತ್ರ ಬಂದಿತ್ತು. ಹೇಗಿದ್ದೀ ಎಂದು ನೇರವಾಗಿ ಕೇಳುವ ಪಾತ್ರ ನನ್ನದಲ್ಲ. ನನಗೆ ಹಿಂದೆ ಮ್ಯೂಸಿಕ್ ಬೇಕು, ಹೊಗೆ ಬೇಕು. ಹಾಗಾಗಿ ಬೆಳಿಗ್ಗೆ ಬಂದ ಕೂಡಲೇ ಸಾಲು ಬದಲಿಸುತ್ತಿದ್ದೆ. "ಎರಡನೆಯವನು ಬರ್ಲಿಲ್ಲ ಅಂದ್ಕೋಬೇಡ. ಹೀರೋ ಎಂಟ್ರಿ ಲೇಟಾದಷ್ಟೂ ವಿಸಿಲ್ ಜಾಸ್ತಿ." ಮತ್ತೊಂದು ದಿನ, "ಈ ಮಹಡಿಯಲ್ಲಿ ನಾನು ಕೂಗಿದ್ರೆ ನನ್ನ ದನಿನೇ ಬಂದು ಯಾರು ಅಂತ ಕೇಳತ್ತೆ." ಆಮೇಲೆ ಕುರ್ಚಿ ತಿರುಗಿಸಿಕೊಂಡು ಬೋರ್ಡ್ ನೋಡುತ್ತಾ ಕೂರುವುದು. ಕೆಂಪಾದರೆ ಖುಷಿ ಪಡುವ ಟೆಸ್ಟರ್ ಇಡೀ ಚೆನ್ನೈನಲ್ಲಿ ನಾನೊಬ್ಬನೇ ಇದ್ದಿರಬೇಕು.

ಉತ್ತರ ಬರಲಿಲ್ಲ. ಹಾಗೆ ತಿಂಗಳುಗಳು ಹೋದವು.

ನಮ್ಮ ಮ್ಯಾನೇಜರ್ ಮನೀಶ್ ಒಂದೆರಡು ಸಲ ಆ ಕೆಂಪಿನ ಬಗ್ಗೆ ಕೇಳಿದ. ಮೆಷಿನ್ ಹಳೆಯದು ಎಂದು ಸಾಗಹಾಕಿದೆ. ನಿಧಾನಕ್ಕೆ ಎಲ್ಲರಿಗೂ ಅಭ್ಯಾಸವಾಯಿತು. ಬೋರ್ಡ್ ಕೆಂಪಾದರೆ ಅದೇ ಟೆಸ್ಟ್ ಇರಬೇಕು, ಬಿಡು, ಎಂದು ಒಳಗೆ ತೆರೆದೂ ನೋಡುತ್ತಿರಲಿಲ್ಲ.

ಹೊಸದಾಗಿ ಸೇರಿದ್ದ ಮೌನ ಎಂಬ ಹುಡುಗಿ ಬರೆದ ಕೋಡಿನಲ್ಲಿ ನಿಜವಾದ ತಪ್ಪಿತ್ತು. ಅವಳ ಹೆಸರಿನಲ್ಲೇ ಇದ್ದ ಬೇರೊಂದು ಟೆಸ್ಟ್ ಅದನ್ನು ಹಿಡಿದಿತ್ತು, ಬೋರ್ಡ್ ಕೆಂಪಾಗಿತ್ತು, ಅವಳಿಗೆ ಮೇಲೂ ಹೋಗಿತ್ತು. ಈ ಬೋರ್ಡ್ ಯಾವಾಗಲೂ ಹೀಗೇ ಎಂದು ಯಾರೋ ಅವಳಿಗೆ ಹೇಳಿದರು. ಆ ಯಾರೋ ನಾನಲ್ಲ, ಆದರೆ ಹೀಗೇ ಮಾಡಿಟ್ಟವನು ನಾನೇ. ಕೋಡ್ ಹೊರಗೆ ಹೋಯಿತು, ಒಂದು ಅಂಗಡಿಯಲ್ಲಿ ಒಂದೇ ಬಿಲ್ಲು ಎರಡೆರಡು ಸಲ ದಾಖಲಾಯಿತು. ಮನೀಶ್ ಎಲ್ಲರ ಎದುರು ಕಾಲ್‌ನಲ್ಲಿ ಮೌನಳನ್ನು ಕೆಂಪು ಕಾಣಲಿಲ್ಲವಾ ಎಂದು ಕೇಳಿದ. ನಾನು ಮೈಕ್ ಆನ್ ಮಾಡಿ, ಬೋರ್ಡ್ ಸುಳ್ಳು ಹೇಳುವ ಹಾಗೆ ಬಿಟ್ಟದ್ದು ನಾನು, ಅವಳನ್ನು ಬಿಡಿ ಎಂದೆ. ಡಯಲಾಗ್ ಯಾವುದೂ ನೆನಪಾಗಲಿಲ್ಲ.

ಅವತ್ತು ಮಧ್ಯಾಹ್ನವೇ ಟೆಸ್ಟ್ ಸರಿಮಾಡಿದೆ. ಡಯಲಾಗ್ ಅಳಿಸಿ ಎಲ್ಲರ ಹಾಗೆ ಸಪ್ಪೆ ಇಂಗ್ಲಿಷ್ ಬರೆದೆ. ಇನ್ನು ಅದು ಸುಮ್ಮಸುಮ್ಮನೆ ಕೆಂಪಾಗುವುದಿಲ್ಲ, ಅಡ್ಯಾರಿಗೆ ಮೇಲ್ ಹೋಗುವುದಿಲ್ಲ. ಮೇಲಿನಲ್ಲಿ ಹೋಗುವ ಸಾಲನ್ನು ಯಾರು ಬೇಕಾದರೂ ಬದಲಿಸಬಹುದು, ಆದರೆ ಟೆಸ್ಟನ್ನೇ ತಿದ್ದಿದರೆ ಅದು ಯಾರ ಹೆಸರಿನಲ್ಲಿದೆಯೋ ಅವರ ಒಪ್ಪಿಗೆ ಇಲ್ಲದೆ ಬದಲಾವಣೆ ಒಳಗೆ ಹೋಗದು. ಕಳಿಸಿದೆ.

ಫೋನ್ ಬಂತು. ಹರಿಪ್ರಿಯಾಳದೇ. ತಗ್ಗಿದ ದನಿಯಲ್ಲಿ ಕನ್ನಡ ಮಾತಾಡುತ್ತಿದ್ದಳು.

"ಎಂತ ಮಾರಾಯ್ತಿ, ಇದು ನೀನೇಯಾ? ಡಬ್ಬಿಂಗ್ ಯಾರದ್ದು?"

"ಸುಮ್ನಿರೋ. ಪಕ್ಕದಲ್ಲಿ ಎಲ್ಲಾ ಕೂತಿದಾರೆ. ಕನ್ನಡ ಆದ್ರೆ ಇಲ್ಲಿ ಯಾರಿಗೂ ತಿಳಿಯಲ್ಲ." ದನಿ ಇನ್ನೂ ತಗ್ಗಿಸಿ, "ಮಾತಾಡೋಕೂ ಯಾರೂ ಇಲ್ಲ ಪಾ," ಎಂದಳು. "ಅದು ಬಿಡು. ಇಷ್ಟು ಚಿಕ್ಕ ಫಿಕ್ಸು, ಇಷ್ಟು ದಿನ ಏನ್ ಮಾಡ್ತಿದ್ದೆ?"

"ನಿಂಗೆ ಮೇಲ್ ಬರ್ಲಿಲ್ವಾ?"

"ಯಾವ ಮೇಲು? ಓ, ಟೆಸ್ಟ್ ಮೇಲಾ. ಇಲ್ಲಿ ಬಂದ ದಿನವೇ ಫಿಲ್ಟರ್ ಹಾಕ್ದೆ. ನೇರ ಡಿಲೀಟ್ ಆಗತ್ತೆ. ಯಾಕೆ, ಏನಿತ್ತು ಅದ್ರಲ್ಲಿ?"

ನಾನು ಕುರ್ಚಿಯನ್ನು ಬೋರ್ಡಿನ ಕಡೆ ತಿರುಗಿಸಿಕೊಂಡೆ.

"ಎಂತ ಇಲ್ಲ. ಟೆಸ್ಟ್ ಫೇಲ್ ಅಂತ ಇತ್ತು."

"ಸೆರಿ. ಡಯಲಾಗ್ ಎಲ್ಲಿ? ತೆಗೆದುಬಿಟ್ಟಿದೀಯಲ್ಲ."

"ಓದುವವರು ಇಲ್ಲ ಅಂತ."

"ನಾನೀಗ ಓದ್ತಾ ಇಲ್ವಾ? ಹಾಕು. ಇಲ್ಲಾಂದ್ರೆ ಒಪ್ಪಿಗೆ ಕೊಡಲ್ಲ."

ಆ ಕಡೆ ಯಾರೋ ಅವಳನ್ನು ಕರೆದರು. ತಮಿಳಿನಲ್ಲಿ ಬಂದೆ ಎಂದಳು, ಫೋನ್ ಇಟ್ಟಳು.

ನಾನು ಬರೆದೆ. "ಬರ್ತೀನಿ ಅಂದವರು ಬಂದು ಹಿಂದೆ ನಿಲ್ಲೋವರೆಗೂ ಈ ಕುರ್ಚಿ ಬಿಟ್ಟು ಏಳಲ್ಲ." ಸ್ವಲ್ಪ ಹೊತ್ತಿಗೆ ಒಪ್ಪಿಗೆ ಬಂತು, ಮಾತೇನೂ ಇರಲಿಲ್ಲ. ಟೆಸ್ಟ್ ಓಡಿತು, ಬೋರ್ಡ್ ಪೂರ್ತಿ ಹಸಿರಾಯಿತು. ಸರ್ವರ್ ನಿಜವಾಗಿ ಕೆಡುವವರೆಗೆ ಇನ್ನು ಆ ಸಾಲು ಹೊರಗೆ ಬರುವುದಿಲ್ಲ. ಕೆಡದಿರಲಿ ಎಂದು ನೋಡಿಕೊಳ್ಳುವುದೇ ನನ್ನ ಕೆಲಸ.

ಶನಿವಾರ ಮಾವನ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ಎಂದಿನ ಹಾಗೆ ಜನವೋ ಜನ. ಗುರುತಿಲ್ಲದ ಒಬ್ಬರು ಬಂದು ನನ್ನ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತರು. ಎಲೆಯ ಮೇಲಿದ್ದದ್ದು ಬರೀ ಎರಡು ತುತ್ತು ಮೊಸರನ್ನ. ನಾನು ಮಾವನನ್ನು ಕರೆದು ಇನ್ನೊಂದಿಷ್ಟು ಹಾಕಿಸಿಕೊಂಡೆ.