ಎಲ್ಲಿಗೆ ಎಂದು ಕೇಳಬಾರದು

ರಷ್ಯಾದಲ್ಲಿ ಡಾಕ್ಟರಿಕೆ ಓದಲು ಹೋಗಿ ಅರ್ಧಕ್ಕೇ ತಿರ್ಲಾಪುರಕ್ಕೆ ಮರಳಿದ ಮೇಲೆ ನನ್ನ ರಷ್ಯನ್ ಭಾಷೆ ಯಾರಿಗೂ ಬೇಡದ ಸಾಮಾನಾಗಿತ್ತು. ಏಜೆಂಟ್ ಪ್ರಭು ನಾಲ್ವರು ಹುಡುಗರನ್ನು ಕರೆತಂದು, ರಷ್ಯಾದ ಗೋದಾಮಿನ ಕೆಲಸಕ್ಕೆ ಹೊರಟವರು, ಕಲಿಸಿ ಎಂದಾಗ ಹಿಗ್ಗಿ ಹೀರೇಕಾಯಾದೆ.

"ಓದು ಬರಹ ಬ್ಯಾಡ್ರಿ ಟೀಚರ್. ಹೇಳಿದ್ದು ತಿಳದು ಮಾಡಿದ್ರ ಸಾಕು," ಎಂದ.

ಹೇಳಿದ್ದನ್ನು ಮಾಡಿಸುತ್ತಾ ಭಾಷೆ ಕಲಿಸುವುದು ಈಗಿನ ಪದ್ಧತಿಯೂ ಹೌದು. ಏಳು, ಕೂರು, ಎತ್ತು ಎಂದು ಶುರು ಮಾಡಿದೆ. ಸ್ವಲ್ಪ ದಿನಕ್ಕೆ ಪ್ರಭುವೇ ಬಂದು, ಮಲಗು, ತೆವಳು, ಅಗೆ ಎಂಬುದನ್ನೂ ಕಲಿಸಲು ಹೇಳಿದ. ನಾಲ್ವರಲ್ಲಿ ಒಬ್ಬ, ಪಕ್ಕದ ಮನೆಯ ಫಕೀರವ್ವನ ಮಗ ಬೀರೇಶ, ನಗುತ್ತ ನಮ್ಮ ಪಡಸಾಲೆಯಲ್ಲಿ ತೆವಳಿದ. ನನಗೆ ನಗು ಬರಲಿಲ್ಲ.

"ಗೋದಾಮಿನ್ಯಾಗ ಯಾಕ ತೆವಳಬೇಕ್ರಿ?" ಎಂದು ಪ್ರಭುವನ್ನು ಕೇಳಿದೆ.

"ಸೇಫ್ಟಿ ಟ್ರೇನಿಂಗ್ ರೀ."

ಮರುದಿನ ಹುಡುಗರಿಗೆ ಪ್ರಶ್ನೆ ಕೇಳುವುದನ್ನು ಕಲಿಸತೊಡಗಿದೆ. ಇದು ಯಾವ ಊರು, ಯಾಕೆ, ಯಾವಾಗ. ಪ್ರಭು ಪಾಠವನ್ನೇ ನಿಲ್ಲಿಸಿದ.

ಓಡಿಹೋಗಿ ಫಕೀರವ್ವನಿಗೆ ಹೇಳಿದೆ. "ಯವ್ವಾ, ತೆವಳೂದು ಅಗಿಯೂದು ಸಿಪಾಯಿಗಳ ಕೆಲಸ, ಆ ಪ್ರಭು ನಿನ್ನ ಮಗನ್ನ ಯುದ್ಧಕ್ಕ ಒಯ್ಯಾಕತ್ತಾನ."

"ಹೊಂಡೂ ಹೊತ್ತಿನ್ಯಾಗ ಕೆಟ್ಟ ನುಡೀಬ್ಯಾಡ್ರಿ ಅಕ್ಕಾರ," ಎಂದು ಆಕೆ ಮುಖ ತಿರುಗಿಸಿದಳು.

ನಮ್ಮಲ್ಲಿ ಪ್ರಯಾಣ ಹೊರಟವರನ್ನು ಎಲ್ಲಿಗೆ ಎಂದು ಕೇಳುವಂತಿಲ್ಲ. ಕೇಳಿದರೆ ಅವರು ಒಳಗೆ ಹೋಗಿ ಕೂತು, ನೀರು ಕುಡಿದೇ ಮತ್ತೆ ಹೊರಡಬೇಕು. ಇಷ್ಟಕ್ಕೆ ಹೆದರಿ ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತ್ತು. ಹುಡುಗರು ಹೋಗುವುದು ಯಾವ ಊರಿಗೆ ಎಂದು ಒಬ್ಬರಾದರೂ ಕೇಳಬೇಡವೇ?

ಹೊರಡುವ ದಿನ ಬಸ್ಸು ಬರುವ ಹೊತ್ತಿಗೆ ಬೇಕಂತಲೇ ಅಡ್ಡ ನಿಂತೆ.

"ಬೀರೇಶ, ಎಲ್ಲಿಗೆ ಹೊಂಟಿ?"

ಫಕೀರವ್ವನ ಮುಖ ಕಪ್ಪಿಟ್ಟಿತು. ನನ್ನನ್ನು ಬೈಯುತ್ತಲೇ ಮಗನನ್ನು ಒಳಗೆ ಕೂರಿಸಿ ನೀರು ಕೊಟ್ಟಳು. ಉಳಿದ ಮೂವರನ್ನು ಹತ್ತಿಸಿಕೊಂಡು ಬಸ್ಸು ಹೋಯಿತು. ನನಗೆ ಹೋದ ಜೀವ ಬಂದಂತಾಯಿತು.

"ಚಿಂತಿಲ್ಲ ಬಿಡ್ರಿ, ನನ್ನ ಕಾರ್ ಐತಿ," ಎಂದ ಪ್ರಭು. ಫಕೀರವ್ವ ಅವನಿಗೆ ಕೈಮುಗಿದಳು. ನನ್ನ ಮೈಯೆಲ್ಲ ಉರಿಯಿತು.

ಬೀರೇಶ ಕಾರಿನಲ್ಲಿ ಕೂತ. ಕಿಟಕಿಯಿಂದ ತಲೆ ಹೊರಹಾಕಿ, ತಾಯಿಗೆ ಕೇಳಿಸದಂತೆ ಕೇಳಿದ.

"ಟೀಚರ್, ನಾ ಮನಿಗೆ ಹೋಗ್ತೀನಿ ಅಂತ ಅವರ ಭಾಷಾದಾಗ ಹೆಂಗ ಅನ್ನೂದ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಭು ಗಾಜು ಏರಿಸಿದ. ಕಾರಿನ ಜೊತೆ ಓಡುತ್ತ ಕೂಗಿ ಕೂಗಿ ಹೇಳಿದೆ. ಗಾಜಿನ ಆಚೆ ಬೀರೇಶನ ತುಟಿಗಳು ಅಲ್ಲಾಡುತ್ತಿದ್ದವು. ಅವನು ತಪ್ಪಾಗಿ ಹೇಳುತ್ತಿದ್ದ.