ತೊಂಬತ್ತು ಡಿಗ್ರಿ ಮಡಿ

2022ರ ನವೆಂಬರ್ 15, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ.

"ಊರೆಲ್ಲ ನಿಮ್ಮನ್ನ ಕೊಳಕು ಜಿಪ್ಸಿಗಳು ಅಂತ ಉಗೀತದೆ. ನೀನು ನೋಡಿದ್ರೆ ನನಗೇ ಮಡಿ ಕಲಿಸೋಕೆ ಬಂದಿದ್ದೀಯ. ಎಲ್ಲಿಂದ ಬಂತೇ ಈ ಸೊಕ್ಕು, ಮುಂಡೇದೆ?"

ಲಾಂಡ್ರಿಯ ಮ್ಯಾನೇಜರ್ ವಾರ್ಕೊನಿ ಇದನ್ನು ಕೂಗಿ ಹೇಳಲಿಲ್ಲ. ಕೈಯಲ್ಲಿದ್ದ ಕಾಫಿ ತುಳುಕದಷ್ಟು ಸಮಾಧಾನದಿಂದಲೇ ಹೇಳಿದ. ಇಸ್ತ್ರಿ ಮೇಜಿನ ಹೆಂಗಸರು ತಲೆ ತಗ್ಗಿಸಿಕೊಂಡು ನಕ್ಕರು. ಅವನ ಎದುರು ನಿಂತಿದ್ದ ರಮೋನಾಳಿಗೆ ಹತ್ತೊಂಬತ್ತು ವರ್ಷ. ಅವಳ ಕಾಲ ಬಳಿ ಬಟ್ಟೆಯ ಎರಡು ಗುಡ್ಡೆಗಳಿದ್ದವು. ಒಂದು ವೃದ್ಧಾಶ್ರಮದ್ದು: ಬೆಡ್‌ಶೀಟು, ಚಡ್ಡಿ, ಉಚ್ಚೆಯಲ್ಲಿ ನೆಂದ ಪಂಚೆಯಂಥ ಬಟ್ಟೆಗಳು. ಇನ್ನೊಂದು ಶಾಲೆಯ ಅಡುಗೆಮನೆಯದು: ಪಾತ್ರೆ ಒರೆಸುವ, ರೊಟ್ಟಿ ಮುಚ್ಚುವ ಬಟ್ಟೆಗಳು, ಏಪ್ರನ್ನುಗಳು. ಎರಡನ್ನೂ ಒಟ್ಟಿಗೆ ಒಗೆಯುವ ಯಂತ್ರದ ಒಂದೇ ಡ್ರಮ್ಮಿಗೆ ತುಂಬಬೇಕೆಂಬುದು ಅಲ್ಲಿಯ ಕ್ರಮ. ರಮೋನಾ ಅದನ್ನು ಬೇರೆ ಮಾಡಿದ್ದಳು. ಅದೂ ಮೊದಲ ಸಲವಲ್ಲ.

ಬಾಗಿಲಲ್ಲಿ ನಿಂತಿದ್ದ ಅರಂಕಾಳ ಕಡೆ ವಾರ್ಕೊನಿ ತಿರುಗಿದ. ಅವಳನ್ನು ಅವನೇ ಫೋನು ಮಾಡಿ ಕರೆಸಿದ್ದ. ಅರಂಕಾ ಕೂಡ ರಮೋನಾಳಂತೆ ರೋಮಾ ಹೆಂಗಸೇ, ಊರವರು ಜಿಪ್ಸಿ ಎಂದು ಹಂಗಿಸುವ ಜನದವಳು; ವಯಸ್ಸು ಐವತ್ತು ದಾಟಿತ್ತು. ಊರಾಚೆಯ ರೋಮಾ ಕೇರಿಯ ಕೆಲಸವಿಲ್ಲದ ಹುಡುಗ ಹುಡುಗಿಯರಿಗೆ ಕೆಲಸ ಹುಡುಕಿಕೊಡುವುದು, ಸಿಕ್ಕ ಕೆಲಸ ಕೈತಪ್ಪದಂತೆ ಬೆನ್ನ ಹಿಂದೆ ನಿಲ್ಲುವುದು ಅವಳ ಉದ್ಯೋಗ. ಒಂದು ಸಂಸ್ಥೆ ಅದಕ್ಕೆಂದೇ ಅವಳನ್ನು ಇಟ್ಟುಕೊಂಡಿತ್ತು. ವಸಂತದಲ್ಲಿ ಟೈರು ಗೋದಾಮಿಗೆ ಒಬ್ಬನನ್ನು ಕರೆದೊಯ್ದಿದ್ದಳು. ಗೇಟಿನವನು ಹುಡುಗನ ವಿಳಾಸ ಓದಿದ. ಅವರು ಒಳಗೆ ಹೋಗುವಷ್ಟರಲ್ಲಿ ಜಾಗ ಭರ್ತಿಯಾಗಿತ್ತು. ಅದಕ್ಕೂ ಹಿಂದಿನ ವರ್ಷ ಇನ್ನೊಬ್ಬನಿಗೆ ಕೆಲಸವೇನೋ ಸಿಕ್ಕಿತು, ಆದರೆ ಪಾಳಿ ಶುರುವಾಗುವ ಹೊತ್ತಿಗೆ ಕೇರಿಯ ತಿರುವಿನಿಂದ ಬಸ್ಸೇ ಹೊರಡುತ್ತಿರಲಿಲ್ಲ. ಅವನು ಶಾಯೋ ನದಿಯ ದಂಡೆಗುಂಟ ನಡೆದು ಹೋಗುತ್ತಿದ್ದ. ಮೊದಲ ಹಿಮ ಬಿದ್ದ ದಿನ ತಡವಾಯಿತು, ಅಲ್ಲಿಗೆ ಮುಗಿಯಿತು. ಈ ಲಾಂಡ್ರಿಯಲ್ಲೂ ರಮೋನಾಳಿಗಿಂತ ಮೊದಲು ಕೇರಿಯ ಇಬ್ಬರಿದ್ದರು. ಅವರ ಸಂಬಳಕ್ಕೆ ಸರ್ಕಾರ ಕೊಡುತ್ತಿದ್ದ ನೆರವು ನಿಂತ ವಾರವೇ ಇಬ್ಬರನ್ನೂ ಕಳಿಸಿದ್ದರು.

ರಮೋನಾಳ ಕೆಲಸದ ಪರೀಕ್ಷಾರ್ಥ ಅವಧಿ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅವಳನ್ನು ಕಾಯಂ ಮಾಡಿಕೊಂಡರೆ, ಆ ಕೇರಿಯಲ್ಲಿ ಅವಳ ವಾರಗೆಯವರಲ್ಲಿ ಕಾಯಂ ಕೆಲಸದ ಮೊದಲನೆಯವಳು ಅವಳೇ ಆಗುತ್ತಿದ್ದಳು.

"ನಿಮ್ಮ ಭಾಷೇಲಿ ಹೇಳಿ ಇವಳಿಗೆ," ವಾರ್ಕೊನಿ ಅಂದ. "ತೊಂಬತ್ತು ಡಿಗ್ರಿ ನೀರು. ಹುಳ, ಹೇಲು, ಕಾಯಿಲೆ, ಯಾವುದೂ ಬದುಕಲ್ಲ. ವಿಜ್ಞಾನ. ಗೂಡಾರದ ಕಾಲದ ಮೂಢನಂಬಿಕೆ ಇಲ್ಲಿ ನಡಿಯಲ್ಲ. ಶುಕ್ರವಾರದವರೆಗೆ ನೋಡ್ತೀನಿ."

ಅರಂಕಾ ಆಗಲಿ ಎಂದು ತಲೆಯಾಡಿಸಿದಳು. ಆ ತಲೆಯಾಡಿಸುವುದು ಅವಳಿಗೆ ಉದ್ಯೋಗದ ಜೊತೆಗೇ ಬಂದಿತ್ತು.

ಬಟ್ಟೆ ಗಾಡಿಗಳನ್ನು ಇಳಿಸುವ ಹಿತ್ತಲಿಗೆ ರಮೋನಾಳನ್ನು ಕರೆದೊಯ್ದು ಅರಂಕಾ ಮೊದಲು ಬೈದಳು. ಕೆಲಸಕ್ಕೆ ಬಂದಿದ್ದೀಯೋ, ಮದುವೆ ಮನೆಯ ಮಡಿ ಹೆಂಗಸಾಗಿ ಬಂದಿದ್ದೀಯೋ ಎಂದು ಕೇಳಿದಳು. ರಮೋನಾ ಗೋಡೆಗೆ ಒರಗಿ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಸೋಪಿನ ಪುಡಿಗೆ ಉಗುರ ಬುಡಗಳು ಒಡೆದಿದ್ದವು. ಮನೆಯಲ್ಲಿ ಸೊಂಟದ ಮೇಲಿನ ಬಟ್ಟೆಗೊಂದು ಬೋಗುಣಿ, ಕೆಳಗಿನದಕ್ಕೆ ಒಂದು, ಅಡುಗೆಯದಕ್ಕೆ ಇನ್ನೊಂದು. ಹೆಂಗಸಿನ ಲಂಗದ ಅಂಚು ತಾಕಿದ ತಟ್ಟೆಯನ್ನು ಅಜ್ಜಿ ಒಡೆದು ಬಿಸಾಡುತ್ತಾಳೆ. ಇದೆಲ್ಲ ಅರಂಕಾಳಿಗೆ ಹೇಳಬೇಕಾಗಿರಲಿಲ್ಲ. ಅವಳೂ ಹಾಗೇ ಬೆಳೆದವಳು.

"ಕೈ ಏಳಕಿಲ್ಲ ಅತ್ತೆ," ರಮೋನಾ ಅಂದಳು. "ರೊಟ್ಟಿ ಮುಚ್ಚೋ ಬಟ್ಟೆ, ಯಾರದೋ ಚಡ್ಡಿ, ಎರಡೂ ಒಟ್ಗೆ ಹಿಡಿದ್ರೆ ವಾಂತಿ ಬಂದಂಗಾಯ್ತದೆ. ಆ ಇಸ್ಕೂಲ್ನಾಗೆ ನಮ್ಮೋರ ಮಕ್ಳೂ ಉಣ್ತವೆ."

"ತೊಂಬತ್ತು ಡಿಗ್ರಿ ಕಣೆ. ಕೋಳಿ ಬೆಂದೋಯ್ತದೆ. ಅದ್ರಾಗೆ ಮೈಲಿಗೆ ಉಳೀತದಾ?"

"ಎಲ್ಲಾ ಸತ್ತೋಯ್ತದೆ ಅನ್ನು. ಮತ್ತೆ ನನ್ ಲೋಟ ಯಾಕತ್ತೆ ನೆಲ ಒರ್ಸೋ ಬಕೆಟ್ ಪಕ್ಕ ಇಟ್ಟವ್ರೆ? ಅದನ್ನೂ ಆ ನೀರ್ನಾಗೆ ತೊಳೀಬೋದಲ್ಲ."

ಅರಂಕಾ ತನ್ನ ಸಿಟ್ಟನ್ನು ಹುಡುಗಿಯ ಮೇಲೆಯೇ ತೀರಿಸಿಕೊಂಡಳು. ಇನ್ನು ನಾಲ್ಕು ದಿನ ಹಲ್ಲು ಕಚ್ಚಿಕೊಂಡಿರು, ಕಾಯಂ ಆದಮೇಲೆ ಬೇಕಾದ ಮಾತಾಡು. ನೀನೂ ಬಿಟ್ಟುಬಂದರೆ ಮುಂದೆ ಕೇರಿಯ ಒಂದು ನಾಯಿಯನ್ನೂ ಇವನು ಒಳಗೆ ಬಿಡುವುದಿಲ್ಲ ಎಂದಳು. ರಮೋನಾ ಗೋಡೆ ಬಿಟ್ಟು ನೆಟ್ಟಗೆ ನಿಂತು, "ತೊಂಬತ್ತು ಇರೋದು ದಿಟವಾ?" ಎಂದು ಕೇಳಿದಳು. ಅರಂಕಾ ತನ್ನ ಸತ್ತ ಗಂಡನ ಮೇಲೆ ಆಣೆ ಇಟ್ಟು ದಿಟ ಎಂದಳು. ಹುಡುಗಿ ಒಳಗೆ ಹೋಗಿ ಎರಡೂ ಗುಡ್ಡೆಗಳನ್ನು ಬಾಚಿ ಒಂದೇ ಡ್ರಮ್ಮಿಗೆ ತುಂಬಿದಳು.

ಸುದ್ದಿ ಅಂದೇ ಕೇರಿ ಸೇರಿತು. ಗುರುವಾರ ಸಂಜೆ ಅರಂಕಾ ರಮೋನಾಳ ಮನೆಗೆ ಹೋದಾಗ ಅಜ್ಜಿ ಗಿಜೆಲ್ಲಾ ಒಲೆಯ ಮೇಲೆ ಬೊದಗ್ ರೊಟ್ಟಿ ಬೇಯಿಸುತ್ತಿದ್ದಳು. ಮನೆಯವರೆಲ್ಲ ಮೇಜಿನ ಸುತ್ತ ಇದ್ದರು. ರಮೋನಾ ಬಾಗಿಲ ಬಳಿ, ಸೌದೆ ಪೆಟ್ಟಿಗೆಯ ಮೇಲೆ ಕೂತು ತವರದ ತಟ್ಟೆಯಲ್ಲಿ ಕೋಸು ತಿನ್ನುತ್ತಿದ್ದಳು. ಆ ತಟ್ಟೆ ಮನೆಯ ಉಳಿದ ತಟ್ಟೆಗಳಂತಿರಲಿಲ್ಲ.

"ಬಾರವ್ವ ಆಪೀಸರಮ್ಮ," ಅಜ್ಜಿ ಅಂದಳು. "ನಿನ್ ತಟ್ಟೆ ಎಲ್ಲಿಡ್ಲಿ? ನಮ್ ಕಡೀಕೋ, ಅವಳ ಕಡೀಕೋ?"

ಅರಂಕಾ ಲಾಂಡ್ರಿಯ ವಿಚಾರ ವಿವರಿಸಲು ನೋಡಿದಳು. ನೀರಿನ ಬಿಸಿ, ಸೋಪು, ಕಾಯಂ ಕೆಲಸ ಎಲ್ಲವನ್ನೂ ಹೇಳಿದಳು. ಅಜ್ಜಿ ರೊಟ್ಟಿ ತಿರುವಿ ಹಾಕುತ್ತಲೇ ಕೇಳಿದಳು.

"ನಮ್ಮೋರಲ್ದ ಗಾಜೋ ಜನದ ಮುಕಳಿ ಒರ್ಸಿದ ಬಟ್ಟೆ ಜತೀಗೆ ಉಣ್ಣೋ ಬಟ್ಟೆ ಒಗ್ಯಾಕೆ ನನ್ ಮೊಮ್ಮಗಳೇ ಬೇಕಾಗಿತ್ತಾ ನಿಂಗೆ? ನಮ್ಮೋರು ಇವಳ ಕೈನಾಗೆ ನೀರು ಕುಡೀತಾರಾ ನಾಳೆ? ಸಂಬಂಧ ಕೇಳ್ಕೊಂಡು ಬರ್ತಾರಾ? ನಿನ್ ಆಪೀಸ್ನೋರು ಬರ್ತಾರಾ ಕಟ್ಕಳಾಕೆ?"

ಯಾರೂ ನಗಲಿಲ್ಲ. ರಮೋನಾ ತಟ್ಟೆಯಿಂದ ತಲೆ ಎತ್ತಿ ಅರಂಕಾಳನ್ನು ನೋಡಿದಳು. ಸೌದೆ ಪೆಟ್ಟಿಗೆಯ ಮೇಲೆ ಇನ್ನೊಬ್ಬರಿಗೆ ಜಾಗವಿತ್ತು. ಅರಂಕಾಳಿಗೆ ಈ ಮನೆಯ ಒಪ್ಪಿಗೆ ಬೇಕಿತ್ತು. ಇಲ್ಲಿ ಕೆಟ್ಟರೆ ಕೇರಿಯ ಯಾವ ಮನೆಯ ಬಾಗಿಲೂ ಅವಳಿಗೆ ತೆರೆಯುತ್ತಿರಲಿಲ್ಲ. ಅವಳು ಮೇಜಿನ ಬಳಿ ಕುಳಿತಳು. ಅಜ್ಜಿ ಬಿಸಿ ರೊಟ್ಟಿ ಮುರಿದು ಅವಳ ಮುಂದಿಟ್ಟಳು. ಅವಳು ತಿಂದಳು.

ಶುಕ್ರವಾರ ಬೆಳಿಗ್ಗೆ ಅರಂಕಾ ಲಾಂಡ್ರಿಗೆ ಬಂದಾಗ ರಮೋನಾ ಅವಳನ್ನು ಆಫೀಸಿಗೆ ಹೋಗಗೊಡಲಿಲ್ಲ. ಮಾತಾಡದೆ ಕೈ ಹಿಡಿದು ಯಂತ್ರಗಳ ಹಿಂದಕ್ಕೆ ಕರೆದೊಯ್ದಳು. ಮೊದಲನೇ ಡ್ರಮ್ಮು ಆಗಷ್ಟೇ ಒಗೆದ ನೀರನ್ನು ಹೊರಬಿಡುತ್ತಿತ್ತು. ಬೂದು ಬಣ್ಣದ ನೀರು ನೆಲದ ಮೋರಿಯಲ್ಲಿ ನೊರೆ ಕಟ್ಟಿಕೊಂಡು ಹರಿಯುತ್ತಿತ್ತು. ರಮೋನಾ ಬಗ್ಗಿ ಅರಂಕಾಳ ಕೈಯನ್ನು ಅದರೊಳಗೆ ಅದ್ದಿದಳು. ಅರಂಕಾ ಸುಟ್ಟೀತೆಂದು ಕೈ ಎಳೆದುಕೊಳ್ಳಹೋಗಿ, ಹಾಗೇ ಬಿಟ್ಟಳು. ಕೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು, ಅಷ್ಟೆ. ನೊರೆಯ ಜೊತೆ ವೃದ್ಧಾಶ್ರಮದ ವಾಸನೆ ಹಾಗೇ ಉಳಿದಿತ್ತು.

"ಎಲ್ಲಾ ಡ್ರಮ್ಮೂ ಇಂಗೇಯ," ರಮೋನಾ ಅಂದಳು. "ನೆನ್ನೆಲಿಂದ ನೋಡ್ತಾ ಇವ್ನಿ. ನಿನ್ ಮಾತು ನಂಬ್ಕಂಡು ನಾನು ಬಾಗ್ಲತಾವ ಉಂಡೆ."

ಯಂತ್ರದ ಗುಂಡಿಗಳ ಮೇಲೆ ಒಂದು ತಗಡಿನ ಮುಚ್ಚಳವಿತ್ತು, ಅದಕ್ಕೆ ಬೀಗ. ಬಿಸಿ ಎಷ್ಟಿರಬೇಕೆಂಬುದು ವಾರ್ಕೊನಿಯ ಕೈಯಲ್ಲಿತ್ತು.

ಅರಂಕಾ ಒದ್ದೆ ಕೈಯಲ್ಲೇ ಆಫೀಸಿಗೆ ಹೋದಳು, ಹಿಂದೆಯೇ ರಮೋನಾ. ಮೇಜಿನ ಮೇಲೆ ಕೆಲಸದ ಕರಾರುಪತ್ರ ಸಿದ್ಧವಾಗಿತ್ತು. ನೀರು ಬಿಸಿಯಿಲ್ಲವೆಂದು ಅರಂಕಾ ಹೇಳಿದಾಗ ವಾರ್ಕೊನಿ ಬೆಚ್ಚಲೂ ಇಲ್ಲ, ನಾಚಲೂ ಇಲ್ಲ. ಗ್ಯಾಸಿನ ದರ ಏನಾಗಿದೆ ಅಂತ ಗೊತ್ತೇ ಎಂದು ಕೇಳಿದ. ಸೋಪು ಹಾಕುತ್ತಾರಲ್ಲ, ಬಟ್ಟೆ ಬೆಳ್ಳಗೆ ಕಾಣುತ್ತದಲ್ಲ, ಶಾಲೆಯವರು ಒಂದು ದಿನ ದೂರಿದ್ದಾರೆಯೇ ಎಂದ. ಆಮೇಲೆ ಪೆನ್ನನ್ನು ಕಾಗದದ ಮೇಲಿಟ್ಟ.

"ಇವಳ ಕೆಲಸ ಕಾಯಂ ಮಾಡೋಕೆ ನಾನು ಮೇಲಿನವರ ಹತ್ರ ಜಗಳ ಆಡಿದ್ದೀನಿ. ಕಾಯಂ ಆದ ಮೊದಲ ಜಿಪ್ಸಿ. ನಿಮ್ಮ ಆಫೀಸಿನವರು ಫೋಟೋ ತೆಗೆದು ಹಾಕ್ಕೋತಾರೆ. ಮೋರಿಗೆ ಕೈ ಹಾಕೋದು ಬೇಕಾ, ಇದು ಬೇಕಾ, ನೀವೇ ಹೇಳಿ."

ಅರಂಕಾ ಆ ಕಾಗದವನ್ನು ನೋಡಿದಳು. ಇಂಥದೊಂದು ಕಾಗದಕ್ಕಾಗಿ ಎಷ್ಟು ಗೇಟುಗಳ ಮುಂದೆ ನಿಂತಿದ್ದಳೋ ಅವಳಿಗೇ ನೆನಪಿರಲಿಲ್ಲ. ಈಗ ಅದನ್ನು ಮುಟ್ಟಲೂ ಹೇಸಿಗೆಯಾಯಿತು. ಆದರೂ ಬಾಯಿಂದ ಬಂದ ಮಾತು ಬೇರೆ.

"ಹಾಕವ್ವ ಸಹಿ."

ರಮೋನಾ ಅವಳನ್ನೊಮ್ಮೆ ನೋಡಿ, ಬಗ್ಗಿ, ನಿಧಾನವಾಗಿ ತನ್ನ ಹೆಸರನ್ನು ಪೂರ್ತಿ ಬರೆದಳು. ವಾರ್ಕೊನಿ ಮುದ್ರೆ ಒತ್ತಿ ಒಂದು ಪ್ರತಿ ಕೊಟ್ಟು, ಹೋಗಿ ಮೂರನೇ ಡ್ರಮ್ಮು ನೋಡು ಎಂದ. ಅಷ್ಟರಲ್ಲಿ ಫೋನು ಬಂತು. ಅವನು ಕಿಟಕಿಯ ಕಡೆ ತಿರುಗಿ ಯಾರೊಂದಿಗೋ ನಗುತ್ತ ಮಾತಾಡತೊಡಗಿದ. ಯಂತ್ರದ ಮುಚ್ಚಳದ ಬೀಗದ ಕೈ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಹೊರಗೆ ಬರುವಾಗ ಅರಂಕಾ ಅದನ್ನು ತೆಗೆದುಕೊಂಡಳು. ಕದಿಯುವವಳ ಅವಸರವೇನೂ ಅವಳಲ್ಲಿರಲಿಲ್ಲ.

ರಮೋನಾ ಆಗಲೇ ಮೂರನೇ ಡ್ರಮ್ಮಿನ ಬಾಗಿಲು ತೆಗೆದು, ತುಂಬಿದ್ದ ಬಟ್ಟೆಯನ್ನೆಲ್ಲ ನೆಲಕ್ಕೆ ಎಳೆದು ಹಾಕುತ್ತಿದ್ದಳು. ಶಾಲೆಯ ಬಟ್ಟೆಗಳನ್ನು ಒಂದೊಂದಾಗಿ ಆರಿಸಿ ಒಳಗೆ ಹಾಕಿದಳು, ಅವನ್ನು ಮಾತ್ರ. ಅರಂಕಾ ಬೀಗ ಬಿಚ್ಚಿ, ತಗಡಿನ ಮುಚ್ಚಳ ತೆಗೆದು ಬಿಸಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು. ಯಂತ್ರ ನಡುಗಿತು. ಬಹಳ ದಿನಗಳಿಂದ ಪೂರ್ತಿ ಉರಿಯದಿದ್ದ, ನೀರು ಕಾಯಿಸುವ ಪೆಟ್ಟಿಗೆ ಹಿಂದಿನಿಂದ ಗುಡುಗುಟ್ಟಿತು. ಇಸ್ತ್ರಿ ಮೇಜಿನ ಹೆಂಗಸರ ಕೈಗಳು ನಿಂತವು.

ವಾರ್ಕೊನಿ ಓಡಿಬಂದ. ಫೋನು ಇನ್ನೂ ಕಿವಿಯಲ್ಲೇ ಇತ್ತು. ಅರಂಕಾ ಗುಂಡಿಗಳಿಗೆ ಬೆನ್ನು ಕೊಟ್ಟು ನಿಂತಳು, ಪಕ್ಕದಲ್ಲಿ ರಮೋನಾ. ಸರಿಯಿರಿ ಅಂದ. ಪೊಲೀಸು ಅಂದ. ಈಗಲೇ ಆ ಕಾಗದ ಹರೀತೀನಿ, ಇನ್ನು ನಿಮ್ಮ ಕೇರಿಯ ಒಂದು ಪಿಳ್ಳೆಯೂ ಈ ಊರಲ್ಲಿ ದುಡಿಯದ ಹಾಗೆ ಮಾಡ್ತೀನಿ, ಸೂಳೇರಾ, ಅಂದ.

"ಮುಟ್ಟಿ ಎಳೆದು ಹಾಕಿ, ಸಾಹೇಬ್ರೆ," ಅರಂಕಾ ಅಂದಳು. "ನಾವಾಗಿ ಸರಿಯಾಕಿಲ್ಲ."

ಅವನ ಕೈ ಮುಂದೆ ಬಂದು ಅವಳ ತೋಳಿನ ಬಳಿ ಗಾಳಿಯಲ್ಲೇ ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ಫೋನಿನಲ್ಲಿ ಬೇರೆ ನಂಬರು ಒತ್ತತೊಡಗಿತು. ರಮೋನಾ ಕರಾರುಪತ್ರವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಗಾಜಿನ ಹಿಂದೆ ಏಪ್ರನ್ನುಗಳು ಮೇಲೇರಿ ಬೀಳುತ್ತಿದ್ದವು. ಗಾಜಿನ ಅಂಚಿಗೆ ಹಬೆ ಕೂರಲು ಶುರುವಾಗಿತ್ತು. ಹೊರಗೆ ರಸ್ತೆಯಲ್ಲಿ, ಪೊಲೀಸರದೋ ಬಟ್ಟೆ ಸಾಗಿಸುವುದೋ ತಿಳಿಯದ ಒಂದು ವ್ಯಾನು ಬಂದು ನಿಂತ ಸದ್ದಾಯಿತು.

ನೀರಿನ ಉಷ್ಣತೆ ಆಗ ಅರವತ್ತಮೂರು ಡಿಗ್ರಿ ಇತ್ತು.